ಬೆಕ್ಕಿನ ಗುರುಗುರು

ಧ್ವನಿಮುದ್ರಣದಿಂದ ಬೇಡದ ಸದ್ದು ತೆಗೆಯುವುದು ನನ್ನ ಕೆಲಸ. ಯಾರೋ ಮಾತಾಡುತ್ತಿರುತ್ತಾರೆ, ಹಿಂದೆ ಫ್ಯಾನು ಕಿರುಗುಟ್ಟುತ್ತದೆ, ಕುರ್ಚಿ ನರಳುತ್ತದೆ. ಅದನ್ನೆಲ್ಲ ಹೆಕ್ಕಿ ಎಸೆಯಬೇಕು. ಹದಿನೆಂಟು ವರ್ಷ ಇದನ್ನೇ ಮಾಡಿ ಮಾಡಿ ನನಗೆ ಈ ಲೋಕದ ಮುಕ್ಕಾಲು ಪಾಲು ಬೇಡದ ಸದ್ದು ಅನ್ನಿಸಿಬಿಟ್ಟಿದೆ.

ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿ ಒಂಬತ್ತು ದಿನ. ಆಪರೇಷನ್ ಮಾಡೋಣವೆಂದರೆ ಬಿ.ಪಿ. ಇಳಿಯುತ್ತಿಲ್ಲ; ಇಳಿಯಲೆಂದರೆ ಅವಳಿಗೆ ನಿದ್ದೆ ಹತ್ತುತ್ತಿಲ್ಲ. ಇನ್ನೂ ತಡವಾದರೆ ಮತ್ತೆ ನಡೆಯುವ ಆಸೆ ಬಿಡಬೇಕಾದೀತು ಎಂದು ಡಾಕ್ಟರು ಹೇಳಿ ಹೋಗಿದ್ದರು.

"ಮನೇಲಿ ಹೇಗೆ ನಿದ್ದೆ ಮಾಡ್ತಿದ್ರಿ?" ಎಂದು ಸಿಸ್ಟರ್ ಕೇಳಿದರು.

"ಬೆಕ್ಕು ಕಾಲ ಹತ್ರ ಮಲಗ್ತಿತ್ತು. ಅದರ ಗುರುಗುರು ಕೇಳ್ತಾ ಕೇಳ್ತಾ ನಿದ್ದೆ ಬಂದ್ಬಿಡೋದು," ಅಂದಳು ಅಮ್ಮ.

ಬೆಕ್ಕನ್ನು ವಾರ್ಡಿಗೆ ಬಿಡುವುದಿಲ್ಲ. ಸದ್ದನ್ನು ತಡೆಯುವವರು ಯಾರು? ಕೆಲವರಿಗೆ ಅದರಿಂದ ಹಿತವಾದರೂ ಆದೀತು, ನೋಡಿ ಎಂದರು ಸಿಸ್ಟರ್.

ಆ ಸಂಜೆ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಫೋನಿನಲ್ಲಿ ಒಂದು ಗಂಟೆ ರೆಕಾರ್ಡ್ ಮಾಡಿದೆ. ಬೆಳಗ್ಗೆ ಸ್ಟುಡಿಯೋದಲ್ಲಿ ಕೂತು ಆ ರೆಕಾರ್ಡಿಂಗನ್ನು ತೊಳೆದೆ. ಗಡಿಯಾರ ಹೋಯಿತು, ಬಚ್ಚಲ ನಲ್ಲಿ ಹೋಯಿತು, ನಡುನಡುವೆ ನಾನು ಗೊಣಗಿದ್ದೂ ಹೋಯಿತು. ಉಳಿದದ್ದು ಅಪ್ಪಟ ಗುರುಗುರು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ ಅಮ್ಮ ಅದನ್ನು ಎರಡು ನಿಮಿಷ ಕೇಳಿದಳು.

"ಯಾರ ಮನೆ ಫ್ರಿಜ್ಜು ಇದು?"

"ನಿನ್ನ ಬೆಕ್ಕು ಕಣಮ್ಮ."

"ನಮ್ಮ ಬೆಕ್ಕು ನಮ್ಮ ಮನೇಲಿರುತ್ತೆ. ಇದು ಎಲ್ಲೂ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಹತ್ತು ದಿನದಿಂದ ಮನೆ, ಸ್ಟುಡಿಯೋ, ಆಸ್ಪತ್ರೆ ಎಂದು ಸುತ್ತಿ ಸುಣ್ಣವಾಗಿದ್ದೆ. ತೊಳೆಯದ ರೆಕಾರ್ಡಿಂಗ್ ಫೋನಿನಲ್ಲಿ ಹಾಗೇ ಇತ್ತು. "ತಗೋ, ಕಸದ ಸಮೇತ ಕೇಳು," ಎಂದು ಹಚ್ಚಿ ದಿಂಬಿನ ಪಕ್ಕ ಇಟ್ಟೆ.

ಗಡಿಯಾರ ಟಿಕ್ ಅಂದಿತು. ನಲ್ಲಿ ತೊಟ್ಟಿಕ್ಕಿತು. ಬೆಕ್ಕು ಗುರುಗುಟ್ಟಿತು.

"ಆ ನಲ್ಲಿ ಇನ್ನೂ ರಿಪೇರಿ ಮಾಡಿಸಿಲ್ವಾ?" ಅಂದಳು ಅಮ್ಮ. ಎಷ್ಟೋ ದಿನದ ಮೇಲೆ ಅವಳ ದನಿ ಸಡಿಲವಾಗಿತ್ತು.

ಆಗ ಫೋನಿನಿಂದ, ನಾನು ಬೆಕ್ಕಿನ ಹತ್ತಿರ ಗೊಣಗಿದ್ದೂ ಕೇಳಿಸಿತು. "ನಿನಗೇನು ತಾಯಿ, ಬಿದ್ದ ಕಡೆ ನಿದ್ದೆ. ನನಗೆ ಕೂತರೂ ಇಲ್ಲ, ನಿಂತರೂ ಇಲ್ಲ. ಅಮ್ಮ ಎದ್ದು ನಡೀದೇ ಹೋದ್ರೆ ನಾನೊಬ್ಬಳೇ ಏನ್ ಮಾಡ್ಲಿ?"

ನಾಚಿಕೆಯಿಂದ ಹಿಡಿಯಷ್ಟಾದೆ. ಫೋನಿಗೆ ಕೈ ಚಾಚಿದೆ. ಅಮ್ಮ ಅದರ ಮೇಲೆ ತನ್ನ ಕೈ ಇಟ್ಟಳು.

"ಇರ್ಲಿ ಬಿಡು. ತಲೆ ಇಡು ಇಲ್ಲಿ," ಎಂದು ಹಾಸಿಗೆಯ ಅಂಚು ತೋರಿಸಿದಳು.

"ಮಲಗಬೇಕಾದ್ದು ನೀನಮ್ಮ."

"ಇಡು ಅಂದೆ."

ಕುರ್ಚಿಯಲ್ಲಿ ಕೂತೇ ತಲೆ ಇಟ್ಟೆ. ಬೆಕ್ಕಿಗೆ ಮಾಡುವ ಹಾಗೆ ನನ್ನ ಕಿವಿಯ ಹಿಂದೆ ಮೆಲ್ಲಗೆ ಕೆರೆಯತೊಡಗಿದಳು.

ಎಷ್ಟು ಹೊತ್ತಾಯಿತೋ, ದಿಂಬಿನ ಪಕ್ಕ ಫೋನಿನಲ್ಲಿ ಬೆಕ್ಕು ಇನ್ನೂ ಗುರುಗುಟ್ಟುತ್ತಿತ್ತು. ಸಿಸ್ಟರ್ ಬಂದದ್ದು ಮಂಪರಿನಲ್ಲೇ ತಿಳಿಯಿತು. ಅಮ್ಮನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಮತ್ತೊಮ್ಮೆ ನೋಡಿದರು.

"ಇಳಿದಿದೆ ಅಮ್ಮ. ಹೀಗೇ ಇದ್ರೆ ನಾಳೆ ಆಪರೇಷನ್ ಮಾಡಬಹುದು. ಅಂತೂ ನಿದ್ದೆ ಬಂತಾ?"

"ನನಗೆಲ್ಲಿ ಬರುತ್ತೆ," ಎಂದು ಅಮ್ಮ ಪಿಸುಗುಟ್ಟಿದಳು. "ಮೆತ್ತಗೆ ಮಾತಾಡಿ. ಇಬ್ರೂ ಈಗಷ್ಟೇ ಮಲಗಿದ್ದಾರೆ."