ತೋರಿಸಿದರೆ ಮಾತ್ರ ಪದ

"ಇಂಗ್ಲಿಷಲ್ಲೇ ಹೇಳ್ಬಿಡಿ ಡಾಕ್ಟ್ರೇ," ಎಂದು ಅನಿಲ್‌ಕುಮಾರ್ ದನಿ ತಗ್ಗಿಸಿ ಹೇಳಿದ. ಪರದೆಯ ಪಕ್ಕದಲ್ಲಿ ಅವನ ಅಪ್ಪ ಮುನಿವೆಂಕಟಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಡಾಕ್ಟರು ಇಂಗ್ಲಿಷಿಗೆ ಹೊರಳಿದರು. ಮೊಮ್ಮಗಳು ಸಿಂಚನ ಗೋಡೆಗೊರಗಿ ನಿಂತು ಕೇಳಿಸಿಕೊಂಡಳು. ಮ್ಯಾಲಿಗ್ನೆಂಟ್ ಗಡ್ಡೆ. ಹೊಟ್ಟೆಯೊಳಗೆಲ್ಲ ಹರಡಿದೆ. ಕೊಯ್ದು ಪ್ರಯೋಜನವಿಲ್ಲ. ಎಲ್ಲ ಪದಗಳೂ ಅವಳಿಗೆ ಅರ್ಥವಾದವು. ಒಂದಾದರೂ ಆಗದೆ ಇದ್ದಿದ್ದರೆ ಎನಿಸಿತು.

"ಏನಂತೆ?" ಎಂದ ಮುದುಕ.

"ಗ್ಯಾಸ್ಟ್ರಿಕ್ ಕಣಪ್ಪ. ಖಾರ ಕಮ್ಮಿ ಮಾಡ್ಬೇಕಂತೆ."

"ಗ್ಯಾಸ್ಟ್ರಿಕ್ ಅನ್ನಕ್ಕೆ ಇಷ್ಟುದ್ದ ಭಾಷಣವಾ? ಎಲೆಕ್ಷನ್‌ಗೆ ನಿಲ್ಲಿಸ್ಬೋದು ಇವ್ರನ್ನ."

ಹೊಸಕೋಟೆಯ ಆಸ್ಪತ್ರೆಯಿಂದ ಸೂಲಿಬೆಲೆಗೆ ಕಾರಿನಲ್ಲಿ ಬಂದರು. ಅನಿಲ್‌ಕುಮಾರ್ ಇಬ್ಬರನ್ನೂ ಮನೆ ಮುಂದೆ ಇಳಿಸಿ, "ಒಂದು ಮಾತೂ ಗೊತ್ತಾಗ್ಬಾರ್ದು ಕಣಮ್ಮ," ಎಂದು ಸಿಂಚನಳ ಕಿವಿಯಲ್ಲಿ ಹೇಳಿ ಹೊರಟುಹೋದ.

ತಾತ ನೇರವಾಗಿ ಹುಳದ ಮನೆಗೆ ನಡೆದ. ರೇಷ್ಮೆಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದೆದ್ದ ಮೇಲೆ ಯಾರ ಕಷ್ಟವನ್ನೂ ಕೇಳುವುದಿಲ್ಲ, ಹೊತ್ತಿಗೆ ಸರಿಯಾಗಿ ಸೊಪ್ಪು ಬೇಕು.

ಅನಿಲ್‌ಕುಮಾರನಿಗೆ ಈ ಹುಳದ ಮನೆಯ ಪಾಠ ಗೊತ್ತಿರಲಿಲ್ಲ. ಬ್ಯಾಂಕ್ ಪರೀಕ್ಷೆಗೆಂದು ಸಿಂಚನ ಸೊಪ್ಪು ಹಾಸುತ್ತ ಗಟ್ಟಿಯಾಗಿ ಪದಗಳನ್ನು ಹೇಳಿಕೊಳ್ಳುತ್ತಿದ್ದಳು. ತಾತ ಅವನ್ನು ತಿರುಗಿ ಅನ್ನುತ್ತಿದ್ದ. ಅವನದೊಂದು ಕರಾರು: ಪದದ ಅರ್ಥವನ್ನು ಅಲ್ಲೇ, ಹುಳದಲ್ಲೋ ಸೊಪ್ಪಿನಲ್ಲೋ ತೋರಿಸಬೇಕು. 'ಫ್ರೆಜೈಲ್'ಗೆ ಆಗತಾನೆ ಪೊರೆ ಬಿಟ್ಟ, ಮುಟ್ಟಿದರೆ ನಲುಗುವ ಹುಳ ತೋರಿಸಿದ್ದಳು. 'ವೊರೇಶಿಯಸ್'ಗೆ ಹೊಟ್ಟೆಬಾಕ ಹುಳುಗಳ ಇಡೀ ತಟ್ಟೆ. ಹಳೆಯದರ ಹಂಬಲವೆಂಬ 'ನಾಸ್ಟಾಲ್ಜಿಯಾ'ಕ್ಕೆ ಏನೂ ಸಿಗದಿದ್ದಾಗ, "ಇಟ್ಕೋ ಹೋಗು, ಮಾಲಿಲ್ಲದ ಮಾತು," ಎಂದು ಪದವನ್ನೇ ವಾಪಸು ಕಳಿಸಿದ್ದ. ಕೋಚಿಂಗ್ ಗೆಳತಿಯರು ಮರೆತ ಪದಗಳೂ ಅವಳಿಗೆ ಮರೆಯುತ್ತಿರಲಿಲ್ಲ.

ಈಗ ಅವಳು ಏನೂ ಹೇಳಿಕೊಳ್ಳದೆ ಸೊಪ್ಪು ಹಾಸುತ್ತಿದ್ದಳು.

"ಆ ಡಾಕ್ಟ್ರು ನಮ್ದೊಂದು ಪದ ಅಂದ್ರು ಅಮ್ಮಣ್ಣಿ," ಎಂದ ತಾತ. "ಮ್ಯಾಲಿಗ್ನಂಟು."

ಸಿಂಚನಳ ಕೈ ತಟ್ಟೆಯ ಮೇಲೆ ನಿಂತಿತು.

"ಅದಕ್ಕೆ ಹಾಲುತೊಂಡೆ ರೋಗ ಬಂದ ಹುಳ ತೋರ್ಸಿದ್ದೆ ನೀನು. ಮೈಯೆಲ್ಲ ಊದ್ಕೊಂಡಿತ್ತಲ್ಲ, ಮುಟ್ಟಿದ್ರೆ ಬಿಳೀ ನೀರು. ನಾನೇ ಎತ್ತಿ ಸುಣ್ಣದ ಗುಂಡಿಗೆ ಹಾಕ್ದೆ."

"ಅಲ್ಲ ತಾತ. ಅದು ಬೇರೆ ಪದ."

"ಬೇರೆಯಾ?"

"ಹ್ಞೂಂ. ನಿಂಗೆ ಮರ್ತೋಗಿದೆ. ಇದರರ್ಥ ಸುಸ್ತು ಅಂತ. ವಯಸ್ಸಾದೋರಿಗೆ ಬರೋ ಸುಸ್ತು."

ಅವನು ಅವಳ ಮುಖ ನೋಡಿದ. ಅವಳು ಸೊಪ್ಪಿನ ಕಡೆ ತಿರುಗಿಕೊಂಡಳು. ಈವರೆಗೆ ಒಂದು ಪದಕ್ಕೂ ಅವಳು ಅವನಿಗೆ ತಪ್ಪು ಅರ್ಥ ಹೇಳಿರಲಿಲ್ಲ.

"ಸರಿ," ಎಂದ. "ತೋರ್ಸು."

ಅವಳು ತಟ್ಟೆಯಿಂದ ತಟ್ಟೆಗೆ ಕಣ್ಣಾಡಿಸಿದಳು. ಈ ಸಲದ ಬೆಳೆ ಚೆನ್ನಾಗಿತ್ತು. ಹುಳುಗಳು ತಲೆಯೆತ್ತಿ, ಎಲೆಯ ಅಂಚು ಹಿಡಿದು, ಒಂದೇ ಸಮನೆ ತಿನ್ನುತ್ತಿದ್ದವು. ತಾತ ಕಾಯುತ್ತಿದ್ದ, ಒಂದು ಕೈಯನ್ನು ಪಕ್ಕೆಗೆ ಒತ್ತಿಕೊಂಡು.

"ಆಮೇಲೆ ತೋರಿಸ್ತೀನಿ," ಎಂದಳು. "ಈಗ ಹೊಸದೊಂದು ಹೇಳ್ಕೊಡ್ತೀನಿ ತಾತ. ಚೆನ್ನಾಗಿರೋ ಪದ. ತೋರಿಸಕ್ಕೂ ಸುಲಭ."

"ಬೇಡ," ಎಂದ ಮುನಿವೆಂಕಟಪ್ಪ. "ಹಳೇದು ನಂಗೆ ಮರ್ತಿಲ್ಲ."