ಮುಟ್ಟಿದ ಮಹರ್

ಖಾಸಿಂಬೀ ಒರಳಿನಲ್ಲಿ ಕರ್ಪೂರ ಕುಟ್ಟುತ್ತಿದ್ದಾಗ ಮಕ್ತುಮ್‌ಸಾಬ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅಂಗಳದಲ್ಲಿ ನಾಲ್ಕು ಚಾದರ ಕಟ್ಟಿದ ಮರೆಯೊಳಗೆ ಅವರ ತಮ್ಮ, ಖಾಸಿಂಬೀಯ ಗಂಡ ದಾದೇಸಾಬನ ಮೈಗೆ ನೀರು ಹಾಕುತ್ತಿದ್ದರು. ತಂಬಿಗೆ ಬಕೀಟಿಗೆ ತಾಗುವ ಸದ್ದು ಒಳಗೂ ಕೇಳುತ್ತಿತ್ತು.

"ಕಫನ್ ಹಾಕಿದ ಮ್ಯಾಲೆ ನಿನ್ನ ಕರೀತೀವಿ ತಂಗಿ," ಅಂದರು. "ಮಾರಿ ನೋಡಿ, ಮಹರ್ ಮಾಫ್ ಅಂದ್ಬಿಡು. ಮಧ್ಯಾನದ ಜೋಹರ್ ನಮಾಜಿಗೆ ಮಸೀದಿ ಮುಟ್ಟಬೇಕು. ತಡ ಮಾಡಬ್ಯಾಡ."

ಖಾಸಿಂಬೀ ಕುಟ್ಟುತ್ತಲೇ ಇದ್ದಳು. ಪಕ್ಕದಲ್ಲಿ ಕೂತಿದ್ದ ದಾದೇಸಾಬನ ಅಕ್ಕ ಸುಭಾನಬಿಯೇ ಉತ್ತರ ಕೊಟ್ಟಳು: "ಅಂತಾಳ ತಗೋ. ಮಾಫ್ ಅನ್ನದಾಕಿ ಯಾರದಾಳ?"

ಅದೂ ಸರಿಯೇ. ನಿಕಾಹದ ದಿನ ಗಂಡು ನಾಲ್ಕು ಮಂದಿಯ ಎದುರು ಹೆಣ್ಣಿಗೆ ಇಷ್ಟು ಕೊಡುತ್ತೇನೆ ಎಂದು ಒಪ್ಪಿಕೊಳ್ಳುವುದು ಮಹರ್. ಒಪ್ಪುವುದಕ್ಕೆ ಖರ್ಚಿಲ್ಲವಲ್ಲ, ಎಲ್ಲರೂ ಒಪ್ಪುತ್ತಾರೆ. ಕೊಡುವವರು ಬೆರಳೆಣಿಕೆ. ಉಳಿದವರೆಲ್ಲ ಬದುಕಿಡೀ ಇವತ್ತು ನಾಳೆ ಅಂತ ದೂಡಿ, ಕೊನೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿ, ಹೆಂಡತಿಯ ಬಾಯಿಂದ 'ಮಾಫ್' ಅನ್ನಿಸಿಕೊಂಡು ಹೋಗುತ್ತಾರೆ. ಹೆಣ ಕಣ್ಣೆದುರು ಇರುವಾಗ ಯಾವ ಹೆಂಗಸು ತಾನೇ ಇಲ್ಲ ಅಂದಾಳು?

ಆದರೆ ಖಾಸಿಂಬೀಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ದಾದೇಸಾಬ ಕೊಟ್ಟು ಹೋಗಿದ್ದ. ಮಾಫ್ ಅಂದರೆ ಅವನು ಕೊಡಲೇ ಇಲ್ಲ ಅಂದಂತೆ. ಮುಟ್ಟೈತಿ ಅಂದರೆ ತೋರಿಸು ಅನ್ನುತ್ತಾರೆ, ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಗಂಡ ಸತ್ತ ದುಃಖವನ್ನು ನೆಮ್ಮದಿಯಾಗಿ ಅಳುವುದಕ್ಕೂ ಬಿಡದೆ ಈ ಒಂದು ಮಾತು ಬೆಳಗಿನಿಂದ ಅವಳ ಎದೆಯ ಮೇಲೆ ಕೂತಿತ್ತು.

"ಸಾಕು ಬಿಡು, ಹಿಟ್ಟಾಗೈತಿ," ಎಂದು ಸುಭಾನಬಿ ಒರಳು ಎಳೆದುಕೊಂಡಳು.

*

ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ದಾದೇಸಾಬನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ಕರಕಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಅನ್ನನಾಳದಲ್ಲಿ ಗಡ್ಡೆ ಎಂದು ರಾಯಚೂರಿನಲ್ಲಿ ಡಾಕ್ಟರು ಹೇಳಿದ ದಿನ ಅವನು ಬಸ್ಸಿನ ಕಿಟಕಿಗೆ ಮುಖ ಮಾಡಿ ಸಿರವಾರ ದಾಟುವವರೆಗೆ ಅತ್ತ. ಆಮೇಲೆ ಮುಖ ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿದ.

"ನನ್ನ ಚಿಂತಿ ಮುಗೀತು. ಇನ್ನ ನಿಮ್ಮದು ನೋಡೂಣು," ಅಂದ.

ಮುಂದಿನ ವಾರವೇ ಮನೆಯಲ್ಲಿ ಹೊಸ ಕಾನೂನು ಬಂತು. ಮಂಗಳವಾರ ಬಂದರೆ ತಾನು ಸತ್ತಿದ್ದೇನೆ ಎಂದು ತಿಳಿದುಕೊಂಡು ಎಲ್ಲರೂ ಬದುಕಬೇಕು. ಅವತ್ತು ಅವನು ಪಡಸಾಲೆಯ ಮಂಚದ ಮೇಲೆ ಚಾದರ ಹೊದ್ದು ಮಲಗುವನು. ಮಗ ನಾಸೀರ್ ಅಂಗಡಿಯಿಂದ ಓಡಿಬಂದು, "ಅಬ್ಬಾ, ವಳಕಮದಿನ್ನಿಯವ್ರ ಮೋಟಾರಿಗೆ ಯಾವ ತಂತಿ ಹಾಕ್ಲಿ?" ಅಂದರೆ ಚಾದರ ಅಲುಗಾಡುತ್ತಿರಲಿಲ್ಲ. ಖಾಸಿಂಬೀ ಬಂದು, "ಬ್ಯಾಂಕಿನ ಪಾಸ್‌ಬುಕ್ ಎಲ್ಲಿಟ್ಟೀರಿ?" ಅಂದರೂ ಅಷ್ಟೇ.

"ಬಾಯಿ ಬಿಡ್ರಿ, ನಿಮಗ ನಾಟಕ ಆಗೈತಿ."

"ಸತ್ತವ್ರನ್ನ ಕೇಳಬಾರದು, ಹುಡುಕಬೇಕು," ಎಂದು ಸತ್ತವನು ಒಳಗಿಂದ ಹೇಳುತ್ತಿದ್ದ.

ಒಂದು ಮಂಗಳವಾರ ಸೊಸೆ ಶಾಹೀಸ್ತಾ ಎಲ್ಲರಿಗೂ ಚಹಾ ಕೊಟ್ಟಳು, ಸತ್ತವನ ಮಂಚದ ಕೆಳಗೂ ಒಂದು ಕಪ್ ಇಟ್ಟಳು. ಸ್ವಲ್ಪ ಹೊತ್ತಿಗೆ ಚಾದರದೊಳಗಿಂದ, "ಶಾಹೀಸ್ತಾ, ಸಕ್ಕರಿ ಮರತಿ," ಎಂದು ಕೇಳಿಸಿತು. ಮನೆಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾಸಿಂಬೀಯೂ ನಕ್ಕಳು, ನಂತರ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆದರೂ ಆ ಹುಚ್ಚು ಆಟದಿಂದ ಮನೆ ನಡೆಯುವುದನ್ನು ಕಲಿಯಿತು. ನಾಸೀರ್ ಅಂಗಡಿಯನ್ನು ತಾನೇ ಸಂಭಾಳಿಸತೊಡಗಿದ. ಗಂಡನ ಬೆನ್ನ ಹಿಂದಲ್ಲದೆ ಎಂದೂ ರಸ್ತೆ ದಾಟದ ಖಾಸಿಂಬೀ ಬ್ಯಾಂಕಿಗೆ ಹೋಗಿ ಸಹಿ ಹಾಕಿದಳು, ಲಿಂಗಸುಗೂರಿನ ಕಚೇರಿಗೆ ಒಬ್ಬಳೇ ಬಸ್ ಹತ್ತಿ ಹೋಗಿಬಂದಳು. ಬಂದಾಗ ದಾದೇಸಾಬ ಬಾಗಿಲಲ್ಲೇ ನಿಂತಿದ್ದ. ಶಾಲೆಯ ಮೊದಲ ದಿನ ಮುಗಿಸಿ ಬಂದ ಮಗುವನ್ನು ನೋಡುವಂತೆ ಅವಳನ್ನು ನೋಡಿದ.

ಅಂಗಡಿಯ ಹಿಂದೆ ವರ್ಷಗಟ್ಟಲೆ ಕೂಡಿಟ್ಟಿದ್ದ ಸುಟ್ಟ ತಾಮ್ರವನ್ನೆಲ್ಲ ಅವನು ಮಾರಿದ್ದು ಆ ದಿನಗಳಲ್ಲೇ. ಒಂದು ಶುಕ್ರವಾರ ನಮಾಜು ಮುಗಿಸಿ ಲಿಂಗಸುಗೂರಿನ ಸರಾಫರ ಅಂಗಡಿಗೆ ಹೋಗಿ ಬಂದವನು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಹಿಟ್ಟಿನ ಕೈಯಲ್ಲಿ ಎರಡು ಬಂಗಾರದ ನಾಣ್ಯ ಇಟ್ಟ.

"ಏನ್ರೀ ಇದು?"

"ನಿನ್ನ ಮಹರ್. ಅವತ್ತು ಒಪ್ಪಿದ ರೊಕ್ಕ ಇವತ್ತು ಒಂದು ಚಲೋ ಸೀರಿಗೂ ಸಾಲಂಗಿಲ್ಲ. ಅವತ್ತು ಆ ರೊಕ್ಕಕ್ಕ ಎಷ್ಟು ಬಂಗಾರ ಬರ್ತಿತ್ತು ಅಂತ ಸರಾಫನ್ನ ಕೇಳಿ, ಅಷ್ಟು ತಂದೀನಿ."

"ಯಾರ ಕೇಳಿದ್ರು ನಿಮ್ಮನ್ನ?"

"ಯಾರೂ ಕೇಳಬಾರದು ಅಂತ ತಂದೀನಿ." ಅವನು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ನಮ್ಮ ಅಬ್ಬಾ ಸತ್ತಾಗ ನಮ್ಮ ಅಮ್ಮನ್ನ ನಾಕು ಮಂದಿ ಸುತ್ತ ನಿಂತು, ಕೈ ಮುಗದು ಮಾಫ್ ಅನಿಸಿದ್ರು. ಆಕಿ ಅಳೂದು ಬಿಟ್ಟು ಅದನ್ನ ಅನ್ನಬೇಕಾತು. ಮರುದಿನಕ್ಕ ಮನಿಯಾಗ ಜ್ವಾಳ ಇರಲಿಲ್ಲ. ಬಾಗಲದಾಗ ನಿಂತು ನೋಡೀನಿ ನಾ. ನಿನ್ನ ಯಾರರ ಕೇಳಿದ್ರ, ಮುಟ್ಟೈತಿ ಅನ್ನು. ಮತ್ತ ಒಂದು ಆಣಿ ಹಾಕು. ನನ್ನ ಬ್ಯಾನಿಗೆ ಇದನ್ನ ಮುಟ್ಟಂಗಿಲ್ಲ. ಇದು ನಾ ಇಲ್ಲದಾಗ ನಿನಗ."

ಅವಳು ಆಣೆ ಹಾಕಿದಳು. ಈ ಮಾತು ಮನೆಯಲ್ಲಿ ಮೂರನೆಯವರಿಗೆ ಗೊತ್ತಾಗಲಿಲ್ಲ.

*

ಗೇಟಿನ ಹತ್ತಿರ ಬೈಕು ನಿಲ್ಲಿಸಿ ಪಾಮನಕಲ್ಲೂರಿನ ಬಸವಂತರಾಯ ಒಳಗೆ ಬಂದ. ದಾದೇಸಾಬನ ಹಳೆಯ ಗಿರಾಕಿ, ಹೊಲದ ಮೋಟಾರು ಸುಟ್ಟಾಗಲೆಲ್ಲ ಅದನ್ನು ಹೇರಿಕೊಂಡು ಬರುತ್ತಿದ್ದವನು. ನಾಸೀರನ ಕೈ ಹಿಡಿದುಕೊಂಡ.

"ಯಾವಾಗ ಆತಪ್ಪ?"

"ನಸಿಕಿನ್ಯಾಗ್ರಿ. ಅಮ್ಮ ಚಾ ಒಯ್ದಾಳ. ಎಬ್ಬಿಸಿದ್ರ ಮಾತಾಡಲಿಲ್ಲ. 'ಇವತ್ತು ಮಂಗಳವಾರ ಅಲ್ರೀ, ಏಳ್ರಿ' ಅಂತ ನಗಾಕತ್ತಿದ್ಳು. ಚಾ ಆರಿ ಹೋಗೋತನಕ ಅಬ್ಬಾ ಆಟ ಆಡಾಕತ್ತಾರ ಅಂತ ತಿಳದಾಳ."

ಬಸವಂತರಾಯ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಹೇಳಬೇಕೋ ಬೇಡವೋ ಎನ್ನುವಂತೆ ಹೇಳಿದ: "ಇಂಥಾ ದಿನ ಕೇಳಬಾರದು. ನಮ್ಮ ಮನಿಯಾಕಿ ಜಂಬಮ್ಮಗೂ ಅದ ಬ್ಯಾನಿ ಐತಿ, ಗೊತ್ತಲ್ಲ? ನಿಮ್ಮಪ್ಪ ಅಂದಿದ್ದ, ಸರ್ಕಾರದ ಆರೋಗ್ಯ ಕಾರ್ಡ್ ದವಾಖಾನಿಗೆ ಒಯ್ಯಿ, ಆ ದೊಡ್ಡ ಸೂಜಿ ಪುಕಟ ಹಾಕ್ತಾರ, ನನಗ ಹಾಕ್ಯಾರ ಅಂತ. ಮೊನ್ನಿ ಹೋಗಿದ್ವಿ. ಮಂಚ ಕೊಡ್ತೀವಿ, ಆ ಸೂಜಿ ಮಾತ್ರ ಇದರಾಗ ಬರಂಗಿಲ್ಲ, ಹೊರಗಿಂದ ತರ್ರಿ ಅಂದ್ರು. ನೀವು ಯಾರನ್ನ ಹಿಡದಿದ್ರಿ?"

"ನಮ್ಮದು ಕಾರ್ಡಿನಾಗ ಆಗೈತ್ರಿ."

"ಆಗಂಗಿಲ್ಲಂತಪ್ಪ. ಎರಡು ಸಲ ಕೇಳೀನಿ."

ನಾಸೀರ್ ಅಡುಗೆಮನೆಗೆ ಹೋದ. ತಾಯಿ ಗೋಡೆಗೆ ಒರಗಿ ಕೂತಿದ್ದಳು, ಕೈಯಿಂದ ಕರ್ಪೂರದ ವಾಸನೆ ಬರುತ್ತಿತ್ತು. ಅವನು ಅವಳ ಪಕ್ಕಕ್ಕೆ ಕೂತು ಮೆಲ್ಲಗೆ ಕೇಳಿದ.

"ಅಮ್ಮಾ, ಅಬ್ಬಾನ ಸೂಜಿ ರೊಕ್ಕ ಎಲ್ಲಿಂದ ಬಂತು?"

ಅವಳು ಅವನ ಮುಖ ನೋಡಿದಳು. ಹೇಳಿಬಿಡಬೇಕು ಅನ್ನಿಸಿತು, ಆದರೆ ಗಂಡನಿಗೆ ಹೇಳದೆ ಮಗನಿಗೆ ಮೊದಲು ಹೇಳುವುದು ಹೇಗೆಂದು ತಿಳಿಯಲಿಲ್ಲ.

"ಮೊದಲ ಅವ್ರನ್ನ ಕಳಿಸೂಣು," ಅಂದಳು.

*

ಆ ಸೂಜಿ ಹಾಕಿದರೆ ಗಂಟಲು ತುಸು ತೆರೆದುಕೊಳ್ಳಬಹುದು, ಒಂದಷ್ಟು ತಿಂಗಳು ಹೆಚ್ಚು ಸಿಗಬಹುದು ಎಂದು ಡಾಕ್ಟರು ಹೇಳಿದಾಗ ದಾದೇಸಾಬ ಕೈ ಅಡ್ಡ ಮಾಡಿದ್ದ. ತಿಂಗಳು ಕೊಳ್ಳುವುದಕ್ಕೆ ಮನೆ ಬರಿದು ಮಾಡುವವನು ತಾನಲ್ಲ ಎಂದು ಎದ್ದು ಬಂದಿದ್ದ. ನೀರು ಕುಡಿದರೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಅವನ ಮುಂದೆ ಕೂತು ಖಾಸಿಂಬೀ ರೊಟ್ಟಿ ಮುರಿಯಲಾರಳು, ಅವನೇ ಬೈದು ಉಣ್ಣಿಸಬೇಕು.

ಅವಳು ನಾಣ್ಯದ ಗಂಟನ್ನು ಪೆಟ್ಟಿಗೆಯಿಂದ ತೆಗೆದು ನೋಡಿದಳು, ಮತ್ತೆ ಇಟ್ಟಳು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕ ಎಂದು ಅವಳ ತಾಯಿ ಹೇಳುತ್ತಿದ್ದ ಮಾತು ನೆನಪಾಯಿತು. ಮರುದಿನ, ತವರಿನ ಕಡೆಯವರನ್ನು ನೋಡಿ ಬರುತ್ತೇನೆ ಎಂದು ಸಿಂಧನೂರಿನ ಬಸ್ ಹತ್ತಿದಳು. ಲಿಂಗಸುಗೂರಿನ ಸರಾಫ ನಾಣ್ಯದ ಗುರುತು ಹಿಡಿದಾನು ಎಂಬ ಭಯ. ಒಬ್ಬಳೇ ಬಸ್ ಹತ್ತುವುದನ್ನು, ಕೌಂಟರಿನ ಮುಂದೆ ಗಟ್ಟಿಯಾಗಿ ಮಾತಾಡುವುದನ್ನು ಗಂಡನೇ ಕಲಿಸಿದ್ದ. ತಾನಿಲ್ಲದ ದಿನಕ್ಕೆ ಅಂತ ಕಲಿಸಿದ ಧೈರ್ಯವನ್ನು ಅವಳು ಅವನು ಇರುವಾಗಲೇ, ಅವನಿಗೇ ವಿರುದ್ಧ ಖರ್ಚು ಮಾಡಿದಳು.

"ಕಾರ್ಡಿನಾಗ ಬರ್ತೈತಂತ್ರೀ ಆ ಸೂಜಿ," ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. "ಪುಕಟ."

"ಖರೇನ?"

"ನಾ ಯಾಕ ಸುಳ್ಳು ಹೇಳ್ಲಿ?"

ಸೂಜಿ ಹಾಕಿದ ಮೇಲೆ ಅವನಿಗೆ ಒಂದು ಬೇಸಿಗೆ ಹೆಚ್ಚು ಸಿಕ್ಕಿತು. ಆ ಬೇಸಿಗೆಯಲ್ಲಿ ಅವನು ಮಾವಿನ ಶೀಕರಣಿ ಉಂಡ, ಹಾಲಿನಲ್ಲಿ ನೆನೆಸಿದ ರೊಟ್ಟಿ ಉಂಡ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡೇ ಉಂಡ. ಸರ್ಕಾರಕ್ಕೆ ಐದೂ ಹೊತ್ತು ದುವಾ ಮಾಡಿದ. ಅಂಗಡಿಗೆ ಬಂದವರಿಗೆಲ್ಲ ಕಾರ್ಡಿನ ಗುಣಗಾನ ಮಾಡಿ, ನಿಮ್ಮದು ಮಾಡಿಸಿದ್ದೀರಾ ಎಂದು ಗದರಿಸಿದ. ಖಾಸಿಂಬೀ ಕೇಳಿಯೂ ಕೇಳದಂತೆ ಇರುತ್ತಿದ್ದಳು. ಅಷ್ಟು ಸುಖವಾದ ಬೇಸಿಗೆಯನ್ನು ಅವಳು ಕಂಡಿರಲಿಲ್ಲ, ಅಷ್ಟು ಹೆದರಿದ ಬೇಸಿಗೆಯನ್ನೂ ಕಂಡಿರಲಿಲ್ಲ.

*

ದಾದೇಸಾಬನನ್ನು ಮಲಗಿಸಿದ ಜನಾಜಾವನ್ನು ಅಂಗಳದ ನಡುವೆ ಇಟ್ಟು ಮುಖದ ಬಟ್ಟೆ ಸರಿಸಿದರು. ಹೆಂಗಸರು ಒಂದು ಕಡೆ ಸರಿದು ದಾರಿ ಬಿಟ್ಟರು. ಖಾಸಿಂಬೀ ಬಂದು ತಲೆಯ ಹತ್ತಿರ ನೆಲದ ಮೇಲೆ ಕೂತು, ಜನಾಜಾದ ಕಬ್ಬಿಣದ ಪಟ್ಟಿ ಹಿಡಿದುಕೊಂಡಳು. ದಾದೇಸಾಬನ ಮುಖ ಸ್ವಚ್ಛವಾಗಿತ್ತು. ಈಗಲೂ ಸಕ್ಕರೆ ಕೇಳುವವನಂತೆ ತುಟಿ ಒಂಚೂರು ತೆರೆದಿತ್ತು.

"ಅನ್ನು ತಂಗಿ, ಮಾಫ್ ಅನ್ನು," ಅಂದರು ಮಕ್ತುಮ್‌ಸಾಬ್.

ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. ಸುಭಾನಬಿ ಹಿಂದಿನಿಂದ ಭುಜ ಒತ್ತಿದಳು. ಹೆಂಗಸರ ನಡುವೆ ಯಾರೋ, "ಎಂಥಾ ಕಲ್ಲು ಮನಸ್ಸು," ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಮಕ್ತುಮ್‌ಸಾಬ್ ಒಂದು ಹೆಜ್ಜೆ ಮುಂದೆ ಬಂದರು. "ನನ್ನ ತಮ್ಮ ನಿನಗೇನು ಕಡಿಮಿ ಮಾಡಿದ್ದ? ಅಂವನ್ನ ಬಿಡುಗಡಿ ಮಾಡಿ ಕಳಸು, ತಾಯಿ. ದೊಡ್ಡಾಂವ ಅದೀನಿ, ನಿನಗ ಕೈ ಮುಗೀತೀನಿ."

ನಿಜವಾಗಿಯೂ ಎರಡು ಕೈ ಜೋಡಿಸಿದರು.

ಖಾಸಿಂಬೀ ಆ ಕೈಗಳನ್ನು ನೋಡಿದಳು. ಯಾವುದು ನಡೆಯಬಾರದು ಎಂದು ಅವನು ತಾಮ್ರ ಮಾರಿದ್ದನೋ ಅದೇ ಅವನ ಎದುರು ನಡೆಯುತ್ತಿತ್ತು.

"ಕೈ ಇಳಸ್ರಿ ಭಾಯಿ," ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಮಾಫ್ ಮಾಡಾಕ ಏನೂ ಉಳದಿಲ್ಲ. ನನ್ನ ಮಹರ್ ನನಗ ಮುಟ್ಟೈತಿ. ಎರಡು ಬಂಗಾರದ ನಾಣ್ಯ, ಈ ಕೈಯಾಗ ಇಟ್ಟಾರ. ನಿಮ್ಮ ತಮ್ಮ ಯಾರ ಋಣಾನೂ ಇಟ್ಕೊಂಡು ಹೊಂಟಿಲ್ಲ."

"ಎಲ್ಲಿ ಅದಾವ ಮತ್ತ?" ಸುಭಾನಬಿಯ ಬಾಯಿ ತಡೆಯಲಿಲ್ಲ.

ಖಾಸಿಂಬೀ ಅವಳ ಕಡೆ ತಿರುಗಲಿಲ್ಲ. ಗಂಡನ ಕಡೆ ಬಾಗಿದಳು. ಮಂಗಳವಾರಗಳಂದು ಅಷ್ಟೊಂದು ಪ್ರಶ್ನೆ ಕೇಳಿದವಳು ಈಗ ಉತ್ತರ ಹೇಳುತ್ತಿದ್ದಳು.

"ಮಾರೀನ್ರೀ. ಸಿಂಧನೂರಿಗೆ ಹೋಗಿ ಮಾರಿ ನಿಮ್ಮ ಸೂಜಿ ತಂದೆ. ಕಾರ್ಡು ಅಂತ ಸುಳ್ಳು ಹೇಳ್ದೆ, ನೀವು ಊರಿಗೆಲ್ಲಾ ಅದನ್ನ ಹೇಳ್ಕೊಂಡು ಬಂದ್ರಿ. ಆಣಿ ಹಾಕಿ ಮುರದೆ. ನೀವು ನಾ ಒಬ್ಬಾಕಿ ಇರೂದಕ್ಕ ಕೊಟ್ರಿ. ನನಗ ಒಬ್ಬಾಕಿ ಇರೂದು ಬೇಕಾಗಿರಲಿಲ್ಲ." ಅವಳು ಇನ್ನಷ್ಟು ಬಾಗಿದಳು. "ನೀವ ನನ್ನ ಮಾಫ್ ಮಾಡ್ರಿ."

ಗೇಟಿನ ಹತ್ತಿರ ಬಸವಂತರಾಯ ತಲೆ ಕೆಳಗೆ ಹಾಕಿದ. ಮಕ್ತುಮ್‌ಸಾಬರ ಜೋಡಿಸಿದ ಕೈ ಹಾಗೇ ಸಡಿಲಾಯಿತು. ಎಷ್ಟೋ ಜನಾಜಾ ಕಂಡ ಹಿರಿಯರಿದ್ದರು ಅಲ್ಲಿ. ಹೆಂಡತಿ ಮಾಫ್ ಅಂದದ್ದನ್ನು ಕೇಳಿದ್ದರು, ಹೆಂಡತಿಯೇ ಮಾಫ್ ಕೇಳಿದರೆ ಉತ್ತರ ಕೊಡಬೇಕಾದವರು ಯಾರು ಎಂಬುದು ಅವರಿಗೆ ಗೊತ್ತಿರಲಿಲ್ಲ.

ನಾಸೀರ್ ತಲೆಯ ಕಡೆ ಹೆಗಲು ಕೊಡಲು ನಿಂತಿದ್ದ. ಅವನು ಮೊಣಕಾಲೂರಿ ಕೂತು, ತಾಯಿಯ ಮುಖದ ಮಟ್ಟಕ್ಕೆ ಬಂದ.

"ಅಬ್ಬಾ ಮಾಫ್ ಮಾಡ್ಯಾರ, ಅಮ್ಮಾ," ಅಂದ.

ಖಾಸಿಂಬೀ ಹೂಂ ಎಂಬಂತೆ ತಲೆಯಾಡಿಸಿದಳು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು.

ಕಲಿಮಾ ಹೇಳುತ್ತ ನಾಲ್ವರು ಹೆಗಲು ಕೊಟ್ಟು ಎದ್ದರು. ಅವಳ ಕೈ ಇನ್ನೂ ಕಬ್ಬಿಣದ ಪಟ್ಟಿಯ ಮೇಲಿತ್ತು. ಪಟ್ಟಿ ಮೇಲೇರಿದಂತೆ ಕೈಯೂ ಏರಿತು, ಅವಳ ಎದೆ ದಾಟಿ, ಮುಖ ದಾಟಿ, ತಲೆಗಿಂತ ಮೇಲಕ್ಕೆ. ಆಮೇಲೆ ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಗಂಡಸರು ಗೇಟು ದಾಟಿ ರಸ್ತೆಗೆ ಇಳಿದರು, ಕಲಿಮಾದ ದನಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿತು. ಕೂತ ಹೆಂಗಸರ ನಡುವೆ ಖಾಸಿಂಬೀಯ ಕೈ, ಜನಾಜಾದ ಎತ್ತರಕ್ಕೆ, ಹಾಗೇ ಮೇಲೆ ನಿಂತಿತ್ತು.