ಬಹುಶಃ ಮಹಾಶಯ

ಲಿಫ್ಟ್ ತಪಾಸಣೆಯ ಇಂಜಿನಿಯರನಿಗೆ ಆಫೀಸಿನಲ್ಲಿ ‘ಬಹುಶಃ ಮಹಾಶಯ’ ಎಂದು ಹೆಸರು ಬಿದ್ದದ್ದಕ್ಕೆ ಕಾರಣ ಅವಳೇ. ಅದೇ ಆಫೀಸಿನಲ್ಲಿ ವರದಿಗಳ ಇಂಗ್ಲಿಷು ತಿದ್ದುವುದು ಅವಳ ಕೆಲಸ. ಸೇರಿದ ಹೊಸತರಲ್ಲಿ ಅವನು, ಈ ಕೇಬಲ್ ‘ವಿಲ್ ನಾಟ್ ಬ್ರೇಕ್’ ಎಂದು ಎದೆಯುಬ್ಬಿಸಿ ಬರೆದಿದ್ದ. ನಾಳೆ ಕಿತ್ತುಹೋದರೆ ನಿಮ್ಮ ತಾತ ಬಂದು ಹಿಡಿದುಕೊಳ್ಳುತ್ತಾರಾ ಎಂದು ಕೇಳಿ ಅವಳು ಅದನ್ನು ಹೊಡೆದುಹಾಕಿದಳು. ನಂಬಿಕೆ ಜಾಸ್ತಿಯಿದ್ದರೆ ‘ಲೈಕ್ಲಿ’, ಅರೆಬರೆಯಾದರೆ ‘ಮೇ’, ಕೈಕೊಡುವ ಹಾಗಿದ್ದರೆ ‘ಮೈಟ್’. ‘ವಿಲ್’ ಮಾತ್ರ ಬರೆಯಕೂಡದು ಎಂದು ಕಿವಿ ಹಿಂಡಿ ಕಲಿಸಿದಳು.

ಪುಣ್ಯಾತ್ಮ ಕಲಿತದ್ದೇ ಕಲಿತದ್ದು! ಊಟ ಆಯಿತಾ ಎಂದರೂ ಆಗಿರುವ ಸಾಧ್ಯತೆಯಿದೆ ಎನ್ನತೊಡಗಿದ. ಅವಳ ಮೇಲೆ ಪ್ರೀತಿ ಹುಟ್ಟಿದಾಗಲೂ, ಲಕ್ಷಣಗಳು ಹಾಗೇ ಕಾಣುತ್ತಿವೆ ಎಂದೇ ಹೇಳಿದ್ದು. ಅವಳು ಬಿದ್ದು ಬಿದ್ದು ನಕ್ಕು ಒಪ್ಪಿಕೊಂಡಿದ್ದಳು.

ಅವನನ್ನು ಮನೆಗೆ ಕರೆತಂದು ಅಪ್ಪನ ಮುಂದೆ ಕೂರಿಸಿದಾಗ ಮಾತ್ರ ನಗು ಬರಲಿಲ್ಲ. ಅಪ್ಪ ಟೈಲರ್, ಅಂದಾಜಿನ ಮೇಲೆ ಕತ್ತರಿ ಆಡಿಸಿದವರೇ ಅಲ್ಲ. ಅವರು ಒಪ್ಪದೆ ಮದುವೆಯಾಗುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಅವರು ಕೇಳಿದ್ದು ಒಂದೇ: ನನ್ನ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಾ?

“ನೋಡ್ಕೊಳ್ಳೋ ಸಾಧ್ಯತೆ ತುಂಬಾನೇ ಇದೆ,” ಎಂದ ಅಳಿಯನಾಗಬೇಕಾದವನು.

ಅಪ್ಪ ಕಾಫಿ ಲೋಟ ಕೆಳಗಿಟ್ಟು, ಅಂಗಡಿಯಲ್ಲಿ ಕೆಲಸವಿದೆ ಎಂದು ಎದ್ದೇಬಿಟ್ಟರು. ಅವಳು ಅವನತ್ತ ತಿರುಗಿದಳು. ಹೌದು ಅನ್ನಲು ಏನು ರೋಗ ಇವನಿಗೆ! ನೆಟ್ಟಗೆ ಹೇಳಿ ಎಂದು ಗದರಿದಳು.

ಅವನು ತಬ್ಬಿಬ್ಬಾದ. “ಗ್ಯಾರಂಟಿ ಮಾತು ಬೇಡ ಅಂತ ನೀವೇ ಕಲಿಸಿದ್ರಲ್ಲ?”

“ಅದು ಲಿಫ್ಟಿಗೆ ಕಣೋ. ನಾನೇನು ಲಿಫ್ಟಾ?” ಅಪ್ಪನೆದುರು ಬಹುವಚನ ಮರೆತೇಹೋಗಿತ್ತು.

ಅಪ್ಪ ಬಾಗಿಲಲ್ಲೇ ನಿಂತರು. ಅವನು ಎದ್ದು ನಿಂತು, “ನೋಡ್ಕೋತೀನಿ,” ಎಂದ. ಹಿಂದೆ ಮುಂದೆ ಏನೂ ಸೇರಿಸಲಿಲ್ಲ. ತಿದ್ದಲು ಏನೂ ಉಳಿಯದೆ ಅವಳಿಗೆ ಕಣ್ಣು ತುಂಬಿ ಬಂತು.

ಅಪ್ಪನಿಗೆ ಇನ್ನೂ ಅನುಮಾನ. ಇವಳ ಬಾಯಿ ಸ್ವಲ್ಪ ಜೋರು, ಅದನ್ನೂ ತಡೆದುಕೊಳ್ಳುತ್ತೀರಾ ಎಂದರು. ಅವನು ತಪಾಸಣೆಗೆ ಬಂದವನ ಹಾಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಅದು... ಮೈಟ್.”

ಅಪ್ಪನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಅವನ ಮುಖ ಮಾತ್ರ ಚೆನ್ನಾಗಿಯೇ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹಾಗಾದ್ರೆ ಮೊದಲನೇ ಮಾತು ನಂಬಬಹುದು,” ಎಂದು ಕೊರಳ ಟೇಪು ತೆಗೆದು, ಮದುವೆಯ ಕೋಟಿಗೆ ಅವನ ಭುಜದ ಅಳತೆ ಹಿಡಿದರು.